ವೀಲ್‌ಚೇರ್ ಬಳಸುವವರಿಗೆ ನೆರವಿನ ನಾಯಿ: ಆಯ್ಕೆ, ತರಬೇತಿ, ಮನೆಯ ಸಿದ್ಧತೆ

ಬೆನ್ನುಹುರಿಗೆ ಪೆಟ್ಟಾಗಿ, ಅಥವಾ ಪೋಲಿಯೊ, ಸ್ನಾಯುಕ್ಷಯ, ಸೆರೆಬ್ರಲ್ ಪಾಲ್ಸಿಯ ಕಾರಣದಿಂದ ವೀಲ್‌ಚೇರ್ ಬಳಸುವವರಿಗೆ ಸ್ನಾನ ಮಾಡಿಸಲು, ಹಾಸಿಗೆಯಿಂದ ಕುರ್ಚಿಗೆ ದಾಟಿಸಲು ಯಾರಾದರೂ ಗೊತ್ತಾದ ಹೊತ್ತಿಗೆ ಬರುತ್ತಾರೆ. ಕಷ್ಟವಿರುವುದು ಉಳಿದ ಹೊತ್ತಿನಲ್ಲಿ. ಮೊಬೈಲ್ ಕೈಜಾರಿ ನೆಲಕ್ಕೆ ಬೀಳುತ್ತದೆ. ರಾತ್ರಿ ಹೊದಿಕೆ ಸರಿದುಹೋಗುತ್ತದೆ. ಅರ್ಧ ತೆರೆದ ಬಾಗಿಲು ಅಡ್ಡ ನಿಲ್ಲುತ್ತದೆ. ಪ್ರತಿ ಸಲ ಒಬ್ಬರನ್ನು ಕೂಗಬೇಕು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬರುವ ತನಕ ಕಾಯಬೇಕು. ಚೆನ್ನಾಗಿ ಕಲಿತ ನಾಯಿ ಈ ಕೂಗುಗಳಲ್ಲಿ ಬಹಳಷ್ಟನ್ನು ತಪ್ಪಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸುವುದು ನಾಯಿಗೂ ಅನ್ಯಾಯ, ಮನುಷ್ಯರಿಗೂ ಅಪಾಯ.

ಕುರುಡರಿಗೆ ದಾರಿ ತೋರಿಸುವ ನಾಯಿಗಳ ಮೊದಲ ಶಾಲೆ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಶುರುವಾಯಿತು. ಕೈಕಾಲಿನ ಬಲ ಕಳೆದುಕೊಂಡವರಿಗೂ ನಾಯಿ ಆಸರೆಯಾಗಬಲ್ಲದು ಎಂಬುದು ಗಟ್ಟಿಯಾಗಿ ನೆಲೆಯೂರಿದ್ದು ಅರುವತ್ತು ವರ್ಷಗಳ ನಂತರ. 1975ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಬೋನಿ ಬರ್ಗಿನ್ ಅವರು ಕಟ್ಟಿದ ಕೆನೈನ್ ಕಂಪ್ಯಾನಿಯನ್ಸ್ ಸಂಸ್ಥೆ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಮರಿ ಸುಮಾರು ಒಂದೂವರೆ ವರ್ಷದವರೆಗೆ ಸ್ವಯಂಸೇವಕರ ಮನೆಯಲ್ಲಿ ಬೆಳೆಯುತ್ತದೆ, ಆಮೇಲೆ ಆರರಿಂದ ಒಂಬತ್ತು ತಿಂಗಳು ವೃತ್ತಿ ತರಬೇತುದಾರರ ಬಳಿ ಕಲಿಯುತ್ತದೆ, ಕೊನೆಯ ಎರಡು ವಾರ ಅದನ್ನು ಪಡೆಯುವವರ ಜೊತೆಗೇ ಅಭ್ಯಾಸ ನಡೆಯುತ್ತದೆ. ಅಷ್ಟು ಅನುಭವವಿರುವ ಸಂಸ್ಥೆಗಳಲ್ಲೂ ಸುಮಾರು ಅರ್ಧದಷ್ಟು ನಾಯಿಗಳು ಕೊನೆಯ ಹಂತ ಮುಟ್ಟುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಒಬ್ಬ ತರಬೇತುದಾರರ ಸಹಾಯದಿಂದ ತಮ್ಮ ನಾಯಿಗೆ ತಾವೇ ಕಲಿಸಬೇಕಾಗುತ್ತದೆ. ನೆರವಿನ ನಾಯಿ ಬಳಸುವವರ ಅಂತರರಾಷ್ಟ್ರೀಯ ಸಂಘ ಹೇಳುವ ಕನಿಷ್ಠ ಲೆಕ್ಕ ಹೀಗಿದೆ: ಆರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ 120 ಗಂಟೆ ತರಬೇತಿ, ಅದರಲ್ಲಿ 30 ಗಂಟೆ ಮನೆಯ ಹೊರಗೆ, ಜನರಿರುವ ಕಡೆ.

ಮೊದಲು ಪಟ್ಟಿ, ಆಮೇಲೆ ನಾಯಿ

ನಾಯಿ ಹುಡುಕುವ ಮೊದಲು ಒಂದು ವಾರ ಲೆಕ್ಕ ಇಡಿ. ಯಾರನ್ನಾದರೂ ಕರೆದಾಗಲೆಲ್ಲ ಯಾವುದಕ್ಕೆ, ಮನೆಯ ಯಾವ ಜಾಗದಲ್ಲಿ, ಎಷ್ಟು ಎತ್ತರದಲ್ಲಿ ಎಂಬುದನ್ನು ಫೋನಿಗೆ ಹೇಳಿ ದಾಖಲಿಸಿಕೊಳ್ಳಿ. ವಾರದ ಕೊನೆಗೆ ಅದನ್ನು ಮೂರು ಪಾಲು ಮಾಡಿ. ಕೊಕ್ಕೆ, ಹಗ್ಗ, ರಿಮೋಟ್ ಸ್ವಿಚ್, ತಗ್ಗಿಸಿದ ಕಪಾಟು ಹೀಗೆ ವಸ್ತುವಿನಿಂದಲೇ ಬಗೆಹರಿಯುವ ಕೆಲಸಗಳನ್ನು ಇವತ್ತೇ ಬಗೆಹರಿಸಿ, ಅದಕ್ಕೆ ನಾಯಿ ಬೇಡ. ಎತ್ತುವುದು, ದಾಟಿಸುವುದು, ಔಷಧ ಕೊಡುವುದು ಮನುಷ್ಯರ ಕೆಲಸ, ಅದು ಹಾಗೇ ಇರಲಿ. ನಡುವೆ ಉಳಿದದ್ದು ನಾಯಿಯ ಪಾಲು. ಬಹುತೇಕರಿಗೆ ಅದು ಏಳೆಂಟು ಕೆಲಸಗಳಷ್ಟೇ ಆಗುತ್ತದೆ, ಅವುಗಳಲ್ಲಿ ಬಿದ್ದದ್ದನ್ನು ಎತ್ತಿಕೊಡುವುದೇ ಮೊದಲ ಸ್ಥಾನದಲ್ಲಿರುತ್ತದೆ. ದೊಡ್ಡ ಸಂಸ್ಥೆಗಳು ನಾಯಿಗೆ ಸುಮಾರು 40 ಅಪ್ಪಣೆಗಳನ್ನು ಕಲಿಸುತ್ತವೆ. ಅದನ್ನು ನೋಡಿ ಗಾಬರಿಯಾಗಬೇಡಿ. ಗಟ್ಟಿಯಾಗಿ ಕಲಿತ ಎಂಟು ಕೆಲಸ ಅರೆಬರೆ ಕಲಿತ ನಲವತ್ತಕ್ಕಿಂತ ಮೇಲು.

ಎಂಥ ನಾಯಿ

ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಹೆಚ್ಚಾಗಿ ಕಾಣಿಸುವುದಕ್ಕೆ ಕಾರಣವಿದೆ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲೂರದೆ ತಂದುಕೊಡಲೆಂದು ಬೆಳೆಸಿದ ತಳಿಗಳಿವು, ಬಾಯಲ್ಲಿ ಹಿಡಿದು ತರುವುದು ಅವುಗಳಿಗೆ ಕೆಲಸವೆನಿಸುವುದಿಲ್ಲ. ಹೆಗಲಿನವರೆಗೆ 55ರಿಂದ 60 ಸೆಂಟಿಮೀಟರ್ ಎತ್ತರ, 25ರಿಂದ 32 ಕಿಲೊ ತೂಕವಿದ್ದರೆ ಮಡಿಲಿಗೂ ಮೇಜಿಗೂ ಬಾಯಿ ಎಟಕುತ್ತದೆ. ನಾಡತಳಿಯ ನಾಯಿ ಆಗಬಾರದೆಂದಿಲ್ಲ. ಶಾಂತ ಸ್ವಭಾವ ಮತ್ತು ವಸ್ತು ಕಚ್ಚಿ ತರುವ ಆಸೆ ಎರಡೂ ಇದ್ದರೆ ಸಾಕು.

ನಮ್ಮ ಸಲಹೆ ಎಂದರೆ ಎರಡು ತಿಂಗಳ ಮರಿಯ ಬದಲು ಒಂದರಿಂದ ಒಂದೂವರೆ ವರ್ಷದ ನಾಯಿಯನ್ನು ನೋಡಿ. ಮರಿಯ ಉಚ್ಚೆ ಒರೆಸುವುದು, ಅದು ಕಡಿಯುವ ವಸ್ತುಗಳನ್ನು ಬಿಡಿಸಿಕೊಳ್ಳುವುದು ವೀಲ್‌ಚೇರ್‌ನಲ್ಲಿರುವವರಿಗೆ ವಿಪರೀತ ಶ್ರಮ. ಮರಿ ದೊಡ್ಡದಾದಾಗ ಅದರ ಸ್ವಭಾವ ಹೇಗಿರುತ್ತದೋ ಎರಡು ತಿಂಗಳಲ್ಲೇ ಹೇಳಲೂ ಆಗುವುದಿಲ್ಲ.

ನಾಯಿಯನ್ನು ನೋಡಲು ಹೋದಾಗ ಅದರ ಹಿಂದೆ ಏಳೆಂಟು ಅಡಿ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚಿಬೀಳುವುದು ಸಹಜ, ಆದರೆ ಕೆಲವೇ ಸೆಕೆಂಡಿನಲ್ಲಿ ಸುಧಾರಿಸಿಕೊಂಡು ತಟ್ಟೆಯ ಬಳಿ ಬಂದು ಮೂಸಬೇಕು. ಮೂಲೆ ಸೇರಿ ಹೊರಗೆ ಬಾರದ ನಾಯಿ ಈ ಕೆಲಸಕ್ಕಲ್ಲ. ಕಾಗದದ ಉಂಡೆ ಎಸೆದರೆ ಬೆನ್ನಟ್ಟಿ ಹೋಗಿ ಒಂದೆರಡು ಸಲವಾದರೂ ನಿಮ್ಮ ಕಡೆಗೇ ತರಬೇಕು. ಪಾದ, ಕಿವಿ, ಬಾಯಿ ಮುಟ್ಟಿಸಿಕೊಳ್ಳಬೇಕು. ಊಟದ ಬಟ್ಟಲಿನ ಹತ್ತಿರ ಕೈ ಹೋದರೆ ಗುರ್ ಎನ್ನುವ ನಾಯಿಯನ್ನು ಎಷ್ಟೇ ಮುದ್ದಾಗಿದ್ದರೂ ಬಿಟ್ಟುಬಿಡಿ. ಬಾಯಿಂದ ವಸ್ತು ಬಿಟ್ಟುಕೊಡುವುದೇ ಅದರ ದಿನವಿಡೀ ಕೆಲಸವಾಗಲಿದೆ.

ವೀಲ್‌ಚೇರ್‌ನ ಪರಿಚಯ

ಮೊದಲ ದಿನ ಕುರ್ಚಿ ಅಲುಗಾಡಬಾರದು. ಅದರ ಸುತ್ತ ತಿನಿಸು ಚೆಲ್ಲಿ, ನಾಯಿ ಮೂಸಿ ತಿನ್ನಲಿ. ನಂತರ ಒಂದು ಅಡಿ ಉರುಳಿಸಿ ನಿಲ್ಲಿಸಿ, ತಿನಿಸು ಕೊಡಿ. ಹೀಗೆ ದೂರ ಹೆಚ್ಚಿಸಿ, ಆಮೇಲೆ ತಿರುವು, ಕಡೆಗೆ ಹಿಂದಕ್ಕೆ ಚಲಿಸುವುದು. ಹಿಂದಕ್ಕೆ ಬರುವ ಕುರ್ಚಿಯೇ ನಾಯಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು, ಅದಕ್ಕೆ ಮುನ್ನ 'ಹಿಂದೆ' ಎಂದು ಹೇಳುವ ಅಭ್ಯಾಸ ಇಬ್ಬರಿಗೂ ಆಗಬೇಕು.

ವಿದ್ಯುತ್ ವೀಲ್‌ಚೇರ್ ಆದರೆ ನಾಯಿ ಜಾಯ್‌ಸ್ಟಿಕ್ ಇಲ್ಲದ ಬದಿಯಲ್ಲಿ ನಡೆಯಲಿ. ಇಲ್ಲದಿದ್ದರೆ ತಲೆ ತಗುಲಿ ಕುರ್ಚಿ ತಾನಾಗಿ ಓಡುತ್ತದೆ. ಮುಂದಿನ ಚಿಕ್ಕ ಗಾಲಿಗಳು ತಿರುಗುವಾಗ ಹೊರಕ್ಕೆ ಬೀಸುತ್ತವೆ, ಪಾದ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ನಾಯಿಯ ಮುಂಗಾಲು ದೊಡ್ಡ ಗಾಲಿಯ ನಡುಮಧ್ಯಕ್ಕೆ ನೇರವಾಗಿ, ಒಂದು ಗೇಣು ದೂರದಲ್ಲಿರುವ ಜಾಗಕ್ಕೆ ಮಾತ್ರ ತಿನಿಸು ಕೊಡುತ್ತ ಹೋದರೆ ಆ ಜಾಗ ಅದಕ್ಕೆ ಒಗ್ಗುತ್ತದೆ. ಬೆಲ್ಟನ್ನು ಕುರ್ಚಿಯ ಚೌಕಟ್ಟಿಗೆ ಗಂಟು ಹಾಕಬೇಡಿ. ಬೆಕ್ಕಿನ ಹಿಂದೆ ನಾಯಿ ಹಾರಿದರೆ ಕುರ್ಚಿ ಮಗುಚುತ್ತದೆ.

ಬೆನ್ನುಹುರಿ ಗಾಯವಿರುವವರ ಕಾಲು ಇದ್ದಕ್ಕಿದ್ದಂತೆ ಸೆಟೆದು ಒದೆಯುವುದುಂಟು. ಅಪರಿಚಿತ ನಾಯಿಗೆ ಅದು ಹೊಡೆತದಂತೆ ಕಾಣುತ್ತದೆ. ಸೆಳೆತ ಬಂದಾಗಲೆಲ್ಲ ಪಕ್ಕದಲ್ಲಿರುವವರು ನಾಯಿಗೆ ತಿನಿಸು ಕೊಟ್ಟರೆ ಕೆಲವು ವಾರಗಳಲ್ಲಿ ಅದು ಬೆಚ್ಚುವುದನ್ನು ಬಿಡುತ್ತದೆ.

ಬಹುಮಾನ ಕೊಡುವ ಕೈ

ತರಬೇತಿಯೆಲ್ಲ ನಿಂತಿರುವುದು ಎರಡು ಸಂಗತಿಗಳ ಮೇಲೆ. ನಾಯಿ ಸರಿಯಾದದ್ದನ್ನು ಮಾಡಿದ ಅದೇ ಕ್ಷಣಕ್ಕೆ ಒಂದು ಗುರುತಿನ ಸದ್ದು, ಅದರ ಬೆನ್ನಿಗೇ ತಿನಿಸು. ಒತ್ತಿದರೆ 'ಟಿಕ್' ಎನ್ನುವ ಚಿಕ್ಕ ಸಾಧನವಾದ ಕ್ಲಿಕ್ಕರ್ ಒತ್ತಲು ಬೆರಳಿಗೆ ಬಲವಿಲ್ಲದವರು ನಾಲಿಗೆಯಿಂದ ಲೊಟ್ಟೆ ಹೊಡೆಯಬಹುದು, ಇಲ್ಲವೇ 'ಹ್ಞಾಂ' ಎಂಬ ಒಂದೇ ಸ್ವರ ಬಳಸಬಹುದು. ಮಾತು ತೊದಲುವವರು ಅಪ್ಪಣೆಗಳನ್ನು ಆರಿಸುವಾಗ ಬೆಳಗ್ಗೆಯೂ, ಸಂಜೆ ದಣಿದಾಗಲೂ ಒಂದೇ ಥರ ಹೊರಡುವ ಶಬ್ದಗಳನ್ನೇ ಆರಿಸಿ. 'ಕೊಡು' ಮತ್ತು 'ಬಿಡು' ನಾಯಿಯ ಕಿವಿಗೆ ತೀರಾ ಹತ್ತಿರ, ಎರಡರಲ್ಲಿ ಒಂದನ್ನು ಬದಲಿಸಿ. ಮನೆಯಲ್ಲಿ ಎಲ್ಲರೂ ಅದೇ ಪದ ಬಳಸಬೇಕು.

ತಿನಿಸು ನಾಯಿಯ ಬಾಯಿ ಸೇರುವುದು ನಿಮ್ಮಿಂದಲೇ ಆಗಬೇಕು. ಅಣ್ಣನೋ ಅಮ್ಮನೋ ಕೊಡುತ್ತ ಹೋದರೆ ನಾಯಿ ಕೆಲಸ ಮಾಡಿ ಅವರ ಮುಖ ನೋಡುತ್ತದೆ. ಕೈ ಕೆಳಗೆ ಬಾಗದಿದ್ದರೆ ಒಂದೂವರೆ ಇಂಚಿನ ಪಿವಿಸಿ ಪೈಪಿನ ಎರಡೂವರೆ ಅಡಿ ತುಂಡನ್ನು ಕುರ್ಚಿಯ ಕೈಯಾಸರೆಗೆ ಓರೆಯಾಗಿ ಕಟ್ಟಿಸಿ. ಮೇಲಿನ ಬಾಯಿಗೆ ತಿನಿಸು ಹಾಕಿದರೆ ಅದು ಜಾರಿ ನಾಯಿಯ ಮೂತಿಯ ಬಳಿ ಬೀಳುತ್ತದೆ. ಬೆರಳಲ್ಲಿ ಚಿಕ್ಕ ತುಂಡು ಹಿಡಿಯಲಾಗದವರು ಉದ್ದ ಹಿಡಿಯ ಮರದ ಸೌಟಿಗೆ ಶೇಂಗಾ ಬೆಣ್ಣೆ ಮೆತ್ತಿ ನೆಕ್ಕಿಸಬಹುದು. ಡಬ್ಬಿಯ ಮೇಲೆ ಝೈಲಿಟಾಲ್ ಎಂಬ ಸಿಹಿಯ ಹೆಸರಿದ್ದರೆ ಅದನ್ನು ಮನೆಗೇ ತರಬೇಡಿ, ಅದು ನಾಯಿಗೆ ವಿಷ. ಬೇಯಿಸಿದ ಕೋಳಿ ಅಥವಾ ಪನೀರಿನ ತುಂಡು ಬಟಾಣಿ ಕಾಳಿನಷ್ಟಿದ್ದರೆ ಸಾಕು. ದಿನದ ಆಹಾರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿನಿಸಾಗಬಾರದು. ಒಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ.

ಎತ್ತಿಕೊಡುವುದು: ಎಲ್ಲದರ ಬುನಾದಿ

ಬಾಗಿಲು ಎಳೆಯುವುದು, ಕಾಲುಚೀಲ ಬಿಚ್ಚುವುದು, ಬಟ್ಟಲು ತರುವುದು ಇವೆಲ್ಲ ಬಾಯಲ್ಲಿ ಹಿಡಿದುಕೊಳ್ಳುವ ಒಂದೇ ವಿದ್ಯೆಯ ಕವಲುಗಳು. ಇಲ್ಲಿ ಅವಸರ ಮಾಡಿದರೆ ಮುಂದೆ ಎಲ್ಲವೂ ಸಡಿಲವಾಗುತ್ತದೆ. ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇವೆ.

ಒಂದು ಗೇಣುದ್ದದ ಕೋಲಿಗೆ ಹಳೆಯ ಹತ್ತಿ ಬಟ್ಟೆ ಸುತ್ತಿ ಮೂತಿಯ ಮುಂದೆ ಹಿಡಿಯಿರಿ. ಮೂಸಿದರೆ ಗುರುತಿನ ಸದ್ದು, ತಿನಿಸು. ಐದಾರು ಸಲವಾದ ಮೇಲೆ ಮೂಸಿದ್ದಕ್ಕೆ ಸದ್ದು ಮಾಡದೆ ಸುಮ್ಮನಿರಿ. ತಿನಿಸು ಯಾಕೆ ಬರಲಿಲ್ಲ ಎಂದು ನಾಯಿ ಬಾಯಿ ತೆರೆದು ಕೋಲನ್ನು ಹಲ್ಲಿಂದ ಮುಟ್ಟುತ್ತದೆ. ಆ ಕ್ಷಣಕ್ಕೆ ಸದ್ದು. ಮುಂದೆ ಬಾಯಲ್ಲಿ ಹಿಡಿದಿರುವ ಹೊತ್ತನ್ನು ಒಂದು ಸೆಕೆಂಡು, ಎರಡು, ಐದು, ಹತ್ತು ಎಂದು ಬೆಳೆಸಿ. ಹೆಚ್ಚಿನವರು ಎಡವುವುದು ಇಲ್ಲೇ. ನಾಯಿ ಹಿಡಿದಿರುವಾಗಲೇ ಸದ್ದು ಬರಬೇಕು. ಉಗುಳಿದ ಮೇಲೆ ಬಂದರೆ ನೀವು ಉಗುಳುವುದನ್ನು ಕಲಿಸಿದಂತಾಯಿತು, ಮುಂದೆ ಆ ನಾಯಿ ಪ್ರತಿ ವಸ್ತುವನ್ನೂ ನಿಮ್ಮ ಕೈಗಿಂತ ಅರ್ಧ ಅಡಿ ಹಿಂದೆಯೇ ಬೀಳಿಸುತ್ತದೆ. ಹತ್ತರಲ್ಲಿ ಎಂಟು ಸಲ ಸರಿಯಾದ ಮೇಲಷ್ಟೇ ಮುಂದಿನ ಮೆಟ್ಟಿಲು. ಸತತ ಮೂರು ಸಲ ತಪ್ಪಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಆಮೇಲೆ ಕೋಲನ್ನು ಪ್ರತಿ ಸಲ ನಾಲ್ಕು ಇಂಚು ಕೆಳಗಿಳಿಸುತ್ತ ನೆಲ ಮುಟ್ಟಿಸಿ. ನೆಲದಿಂದ ಎತ್ತಲು ಕಲಿತ ಮೇಲೆ ಮಡಿಲಿಗೆ ತರುವ ಪಾಠ. ಕೈಯಲ್ಲಿ ಹಿಡಿತವಿಲ್ಲದವರು ತೊಡೆಯ ಮೇಲೆ ಅಂಚಿರುವ ಟ್ರೇ ಇಟ್ಟುಕೊಂಡು, ನಾಯಿ ಗಲ್ಲವನ್ನು ಟ್ರೇ ಮೇಲೆ ಊರಿ ಬಿಡುವಂತೆ ಕಲಿಸಿ. ವಸ್ತು ಟ್ರೇಯೊಳಗೆ ಬಿದ್ದರೆ ಮಾತ್ರ ತಿನಿಸು. ದಾರಿಯಲ್ಲಿ ಬಿದ್ದರೆ ಗದರಬೇಡಿ, ಮತ್ತೆ ಎತ್ತುವ ತನಕ ಸುಮ್ಮನೆ ಕಾಯಿರಿ. ಯಾವ ವಸ್ತು ಎಂದು ಬೆರಳು ಮಾಡಲಾಗದಿದ್ದರೆ ಕುರ್ಚಿಯನ್ನೇ ಅದರ ದಿಕ್ಕಿಗೆ ತಿರುಗಿಸಿ. ಲೇಸರ್ ದೀಪ ಬಳಸಬೇಡಿ, ಬೆಳಕಿನ ಚುಕ್ಕೆ ಅಟ್ಟುವ ಗೀಳು ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಲೋಹ ಕಚ್ಚುವುದು ನಾಯಿಗಳಿಗೆ ಹಿಡಿಸುವುದಿಲ್ಲ. ಚಮಚಕ್ಕೆ ಪೂರ್ತಿ ಬಟ್ಟೆ ಸುತ್ತಿ ಶುರುಮಾಡಿ, ದಿನಕ್ಕೊಂದು ಸುತ್ತು ಬಿಚ್ಚಿ. ಮೊಸಾಯಿಕ್ ಅಥವಾ ಗ್ರಾನೈಟ್ ನೆಲಕ್ಕೆ ಅಂಟಿಕೊಂಡ ಎಟಿಎಂ ಕಾರ್ಡು, ನಾಣ್ಯ ಎತ್ತಲು ನಾಯಿ ಒದ್ದಾಡುತ್ತದೆ. ಕಾರ್ಡು, ಹಣವನ್ನು ಬಟ್ಟೆಯ ಚೀಲದಲ್ಲಿಡಿ, ಬೀಗದ ಕೈಗೆ ಲಾಡಿ ಕಟ್ಟಿ, ಮೊಬೈಲಿನ ಕವಚಕ್ಕೆ ಬಟ್ಟೆಯ ಕುಣಿಕೆ ಹೊಲಿಸಿ. ನಾಯಿ ತರಬೇತಿಯ ಅರ್ಧ ಭಾಗ ವಸ್ತುಗಳನ್ನು ನಾಯಿಗೆ ಹೊಂದಿಸುವುದೇ.

ಮಾತ್ರೆ ಮಾತ್ರ ಯಾವತ್ತೂ ನಾಯಿ ಎತ್ತುವ ವಸ್ತುವಾಗಬಾರದು. ಸ್ನಾಯು ಸೆಳೆತಕ್ಕೆ ಬಹಳ ಮಂದಿ ತೆಗೆದುಕೊಳ್ಳುವ ಬ್ಯಾಕ್ಲೋಫೆನ್ ನಾಯಿಗೆ ಸಣ್ಣ ಪ್ರಮಾಣದಲ್ಲೂ ಜೀವಕ್ಕೆ ಅಪಾಯ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಕೂಡ ವಿಷವೇ. ಮಾತ್ರೆಗಳು ತಿರುಪು ಮುಚ್ಚಳದ ಡಬ್ಬಿಯಲ್ಲಿ, ನಾಯಿಗೆ ಎಟಕದ ಎತ್ತರದಲ್ಲಿರಲಿ. ಬಿದ್ದ ಮಾತ್ರೆ ಕಂಡರೆ ಹಿಂದೆ ಸರಿದು ಕೂರುವುದನ್ನು ಪ್ರತ್ಯೇಕ ಪಾಠವಾಗಿ ಕಲಿಸಿ. ನುಂಗಿದ ಅನುಮಾನವಿದ್ದರೂ ಲಕ್ಷಣಗಳಿಗಾಗಿ ಕಾಯದೆ ಮಾತ್ರೆಯ ಪಟ್ಟಿಯ ಸಮೇತ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಬಾಗಿಲು, ದೀಪ, ಫ್ರಿಜ್

ನಮ್ಮ ಮನೆಗಳ ಚಿಲಕ ನಾಯಿಗೆ ಆಗಿಬರುವುದಿಲ್ಲ. ಕೋಣೆಯ ಬಾಗಿಲಿಗೆ ಒತ್ತಿದರೆ ತೆರೆಯುವ ಉದ್ದ ಹಿಡಿ ಅಥವಾ ತಳ್ಳಿದರೆ ಕೂರುವ ರೋಲರ್ ಲ್ಯಾಚ್ ಹಾಕಿಸಿ. ಹಿಡಿಗೆ ಒಂದು ಇಂಚು ದಪ್ಪದ ಹತ್ತಿಯ ಹಗ್ಗ ಕಟ್ಟಿ, ಅದರ ಗಂಟು ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಬಾಗಿಲಿಗೆ ಕಟ್ಟುವ ಮೊದಲು ಅದೇ ಹಗ್ಗವನ್ನು ಕೈಯಲ್ಲಿ ಹಿಡಿದು 'ಎಳೆ' ಎಂಬುದನ್ನು ಕಲಿಸಿ. ಮುಚ್ಚುವುದಕ್ಕೆ, ಬಾಗಿಲ ಮೇಲೆ ಅಂಟಿಸಿದ ಅಂಗೈ ಅಗಲದ ಸ್ಟಿಕರನ್ನು ಮೂತಿಯಿಂದ 'ನೂಕು'ವುದನ್ನು ಕಲಿಸಿ. ಹೊಸ್ತಿಲನ್ನು ತೆಗೆಸಲಾಗದಿದ್ದರೆ ಇಳಿಜಾರು ಹಲಗೆ ಬೇಕು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕ ನೆನಪಿರಲಿ.

ಆರೇಳು ಸ್ವಿಚ್ಚುಗಳು ಸಾಲಾಗಿರುವ ಬೋರ್ಡಿನಲ್ಲಿ ಬೇಕಾದ ಒಂದನ್ನೇ ನಾಯಿ ಒತ್ತಲಾರದು. ಒದ್ದೆ ಮೂತಿಯನ್ನು ವಿದ್ಯುತ್ ಬೋರ್ಡಿಗೆ ಕಳಿಸುವುದೂ ಬೇಡ. ಬ್ಯಾಟರಿಯ ವೈರ್‌ಲೆಸ್ ಬಟನ್‌ನಿಂದ ಉರಿಯುವ ದೀಪ ಹಾಕಿಸಿ, ಬಟನ್ನನ್ನು ನೆಲದಿಂದ ಎರಡಡಿ ಮೇಲೆ ಅಂಟಿಸಿ. ಇದೇ ಉಪಾಯ ತುರ್ತಿಗೂ ಆಗುತ್ತದೆ: ವೈರ್‌ಲೆಸ್ ಕಾಲಿಂಗ್ ಬೆಲ್ಲಿನ ಬಟನ್ ನಿಮ್ಮ ಮನೆಯಲ್ಲಿ, ಗಂಟೆ ಪಕ್ಕದ ಮನೆಯಲ್ಲಿ. ಕುರ್ಚಿಯಿಂದ ಬಿದ್ದಾಗ ನಾಯಿ ಹೋಗಿ ಒತ್ತುವುದನ್ನು ನೀವು ನಿಜವಾಗಿಯೂ ನೆಲದ ಮೇಲೆ ಮಲಗಿಯೇ ಅಭ್ಯಾಸ ಮಾಡಿಸಬೇಕು. ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಕಲಿತ ನಾಯಿ ನೆಲದಿಂದ ಬರುವ ದನಿಯನ್ನು ಆಟವೆಂದುಕೊಂಡು ಮುಖ ನೆಕ್ಕುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸಿ, ಬ್ಯಾಟರಿಯನ್ನೂ ನೋಡಿ.

ಫ್ರಿಜ್ ಬಾಗಿಲು ತೆರೆಯಲು ಕಲಿತ ನಾಯಿ ಒಂದಲ್ಲ ಒಂದು ದಿನ ತಾನೇ ತೆರೆದು ತಿನ್ನುತ್ತದೆ. ನೀರಿನ ಬಾಟಲಿ ಬೇಕಾದಾಗ ಮಾತ್ರ ಹಗ್ಗ ಸಿಕ್ಕಿಸಿ, ಉಳಿದ ಹೊತ್ತು ತೆಗೆದಿಡಿ.

ದೇಹಕ್ಕೆ ತೊಂದರೆಯಾಗದಂತೆ

ಕ್ಯಾಥೆಟರ್ ಬಳಸುವವರು ಎಳೆಯುವ ಪಾಠಕ್ಕೆ ತೆಳ್ಳಗಿನ, ಪ್ಲಾಸ್ಟಿಕ್‌ನಂಥ ಹಗ್ಗ ಬಳಸಲೇಬಾರದು. ನಾಯಿಯ ಕಣ್ಣಿಗೆ ಮೂತ್ರದ ನಳಿಕೆಯೂ ಅಂಥದ್ದೇ. ನಳಿಕೆ ಪ್ಯಾಂಟಿನೊಳಗೆ, ಚೀಲ ನಾಯಿ ನಡೆಯದ ಬದಿಯಲ್ಲಿರಲಿ. ಕಾಲಿನಲ್ಲಿ ಸ್ಪರ್ಶವಿಲ್ಲದವರ ಕಾಲುಚೀಲವನ್ನು ನಾಯಿ ಬಿಚ್ಚುವಾಗ ಹಲ್ಲು ತಾಗಿದರೂ ತಿಳಿಯುವುದಿಲ್ಲ. ಬೆರಳಿನ ತುದಿಯಲ್ಲಿ ಕುಣಿಕೆ ಹೊಲಿದ ಸಡಿಲ ಕಾಲುಚೀಲ ಬಳಸಿ, ಬಿಚ್ಚಿದ ಮೇಲೆ ಪಾದವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಮಡಿಲ ಮೇಲೆ ಮುಂಗಾಲಿಡುವ ನಾಯಿಯ ಉಗುರು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಬೇಕು. ಉಗುರಿನ ಸಣ್ಣ ಗೀರು ಒತ್ತಡದ ಹುಣ್ಣಾಗಿ ಬೆಳೆದರೆ ತಿಂಗಳುಗಟ್ಟಲೆ ಮಲಗಿಸುತ್ತದೆ.

ನಾಯಿಯ ಬೆನ್ನಿಗೆ ಕೈಯೂರಿ ಏಳುವುದು, ಅದರಿಂದ ವೀಲ್‌ಚೇರ್ ಎಳೆಸುವುದು ಎರಡೂ ವಿಡಿಯೊಗಳಲ್ಲಿ ಕಾಣುತ್ತವೆ. ನಾವು ಇವೆರಡನ್ನೂ ಬೇಡ ಎನ್ನುತ್ತೇವೆ. ನಾಯಿಯ ಬೆನ್ನೆಲುಬು ಮೇಲಿನಿಂದ ಬೀಳುವ ಭಾರ ಹೊರಲು ಆಗಿದ್ದಲ್ಲ, ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ದೋಷವೂ ಹೆಚ್ಚು. ಭಾರದ ಬಾಗಿಲು ಎಳೆಸುವ ಮೊದಲು ಕೂಡ ಸೊಂಟ, ಮೊಣಕೈ ಕೀಲುಗಳ ಎಕ್ಸ್‌ರೇ ತೆಗೆಸಿ.

ಹೊರಗೆ ಹೋಗುವಾಗ

ಬೀದಿ ನಾಯಿಗಳೇ ದೊಡ್ಡ ಅಡ್ಡಿ. ಒಂದೇ ದಾರಿ, ಒಂದೇ ಹೊತ್ತು ಇಟ್ಟುಕೊಂಡರೆ ಆ ದಾರಿಯ ನಾಯಿಗಳು ಕ್ರಮೇಣ ಗುರುತಿಸಿ ಸುಮ್ಮನಾಗುತ್ತವೆ. ಮೊದಲ ತಿಂಗಳುಗಳಲ್ಲಿ ಜೊತೆಗೊಬ್ಬರು ಇರಲಿ. ಬೇಸಿಗೆಯಲ್ಲಿ ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ದೀಪಾವಳಿಯ ವಾರ ಹೊರಗಿನ ಪಾಠ ಪೂರ್ತಿ ನಿಲ್ಲಿಸಿ, ಒಂದು ಪಟಾಕಿಯ ಹೆದರಿಕೆ ತಿಂಗಳುಗಳ ಶ್ರಮವನ್ನು ಹಾಳುಮಾಡಬಲ್ಲದು.

ಅಮೆರಿಕದ ಕಾನೂನಿನ ಪ್ರಕಾರ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಅದು ಯಾವ ಕೆಲಸ ಕಲಿತಿದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದರೂ ನೆರವಿನ ನಾಯಿಯ ಪ್ರವೇಶಕ್ಕೆ ಅದರಲ್ಲಿ ಪ್ರತ್ಯೇಕ ಕಲಮಿಲ್ಲ. ಈ ಕೊರತೆ ತುಂಬಬೇಕೆಂದು ಒತ್ತಾಯಿಸುವುದು ನಮ್ಮೆಲ್ಲರ ಕೆಲಸ. ಅಲ್ಲಿಯವರೆಗೆ ಬ್ಯಾಂಕು, ಆಸ್ಪತ್ರೆ, ವಿಮಾನಯಾನ ಸಂಸ್ಥೆಗೆ ಮುಂಚೆಯೇ ಬರೆದು ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಅಂಗವೈಕಲ್ಯದ ಗುರುತಿನ ಚೀಟಿ, ರೇಬೀಸ್ ಲಸಿಕೆಯ ಪುಸ್ತಕ, ಕಲಿತ ಕೆಲಸಗಳ ಒಂದು ಪುಟದ ವಿವರ ಕುರ್ಚಿಯ ಹಿಂಚೀಲದಲ್ಲಿರಲಿ. ಅಪಾರ್ಟ್‌ಮೆಂಟ್ ಸಂಘ ತಕರಾರು ತೆಗೆದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿ. ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬಿಡದಿರುವಂತೆಯೂ ಇಲ್ಲ ಎಂದು ಅದು ಹೇಳುತ್ತದೆ.

ನಾಯಿಯ ಆರೈಕೆ ಯಾರದು

ಸಾಧ್ಯವಿದ್ದಷ್ಟೂ ನಿಮ್ಮದೇ. ನಾಯಿ ತನ್ನ ಬಟ್ಟಲನ್ನು ತಾನೇ ತಂದು ಮಡಿಲಿಗಿಡುವುದನ್ನು ಕಲಿತರೆ ಊಟ ಹಾಕಲು ಬಾಗಬೇಕಿಲ್ಲ. ಹಿತ್ತಲಲ್ಲಿ ಅಥವಾ ಟೆರೇಸಿನಲ್ಲಿ ಒಂದೇ ಜಾಗದಲ್ಲಿ, ಒಂದು ಮಾತಿಗೆ ಮಲಮೂತ್ರ ಮಾಡುವುದನ್ನು ಮೊದಲ ತಿಂಗಳಲ್ಲೇ ರೂಢಿಸಿ. ಎತ್ತಲು ಉದ್ದ ಹಿಡಿಯ ಮೊರ ಸಿಗುತ್ತದೆ. ದಿನಕ್ಕೆ ಒಂದು ಗಂಟೆ ಓಡಾಟ, ಆಟ ಬೇಕೇಬೇಕು. ಇದಕ್ಕೆ ನೆರೆಹೊರೆಯ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಆದರೆ ಊಟ ಮತ್ತು ಪಾಠ ಅವರ ಕೈಗೆ ಹೋಗದಿರಲಿ. ರೇಬೀಸ್ ಲಸಿಕೆ ತಪ್ಪಬಾರದು. ಮಳೆಗಾಲದಲ್ಲಿ ಮೈಮೇಲಿನ ಉಣ್ಣಿಗಳನ್ನು ಪ್ರತಿದಿನ ಹುಡುಕಿ ತೆಗೆಯಿರಿ. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರದ ಮೊದಲ ಸೂಚನೆ ಹೆಚ್ಚಾಗಿ ಊಟ ಬಿಡುವುದು ಮತ್ತು ಮಂಕಾಗುವುದು, ಆಗಲೇ ರಕ್ತ ಪರೀಕ್ಷೆ ಮಾಡಿಸಿ.

ನಾಯಿ ಎಂಟು ವರ್ಷ ದಾಟುತ್ತಿದ್ದಂತೆ ವರ್ಷಕ್ಕೆರಡು ಸಲ ಕೀಲು, ಹಲ್ಲು, ಕಣ್ಣು ತೋರಿಸಿ. ಎತ್ತಿಕೊಡಲು ಹೋಗಿ ಅರ್ಧದಲ್ಲಿ ನಿಲ್ಲುವುದು, ಮಡಿಲಿಗೆ ಮುಂಗಾಲಿಡಲು ಹಿಂಜರಿಯುವುದು ಹಟವಲ್ಲ, ನೋವು. ಆ ಕೆಲಸವನ್ನು ಅಂದೇ ನಿಲ್ಲಿಸಿ, ಹಗುರ ಕೆಲಸಗಳನ್ನಷ್ಟೇ ಉಳಿಸಿ. ಎರಡನೆಯ ನಾಯಿಯನ್ನು ಈ ಹೊತ್ತಿಗೆ ತಂದರೆ ಹಳೆಯದು ಪೂರ್ತಿ ವಿಶ್ರಾಂತಿಗೆ ಹೋಗುವ ಮೊದಲು ಹೊಸದಕ್ಕೆ ಕಲಿಯಲು ಒಂದೂವರೆ ಎರಡು ವರ್ಷ ಸಿಗುತ್ತದೆ.